ಅಟ್ಟದ ಮೇಲಿನ ಪೆಟ್ಟಿಗೆ

ಇವತ್ತು ನಾನು ನಿಮ್ಮ ಮುಂದೆ ಹೇಳಹೊರಟಿರುವುದು ಒಂದು ಪೆಟ್ಟಿಗೆಯ ಸಂಗತಿ. ಹೈಸ್ಕೂಲಿನಲ್ಲಿ ಹಳಗನ್ನಡ ಪಾಠ ಹೇಳುವ ಮೇಷ್ಟರಿಗೆ ಕಂಪ್ಯೂಟರಿನ ಗೊಡವೆ ಏಕೆ ಬಂತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನನ್ನ ವಿದ್ಯೆಯೆಲ್ಲ ಶಬ್ದಮಣಿದರ್ಪಣದ ಸುತ್ತಮುತ್ತ ಬೆಳೆದದ್ದು. ಫ್ಯೂಸು ಹಾರಿದರೆ ಪಕ್ಕದ ಮನೆಯವರನ್ನು ಕೂಗುವ ಜಾತಿ ನನ್ನದು. ಆದರೂ ಕಳೆದ ವರ್ಷ ಬೇಸಗೆಯ ರಜೆಯೆಲ್ಲ ಒಂದು ಹಳೆಯ ಹಾರ್ಡ್ ಡಿಸ್ಕಿನ ಉಪಚಾರದಲ್ಲಿ ಕಳೆಯಿತು. ಯಾಕೆಂದರೆ ಅದರೊಳಗೆ ನಮ್ಮ ಅಮ್ಮನ ದನಿ ಇತ್ತು.

ವಿಷಯ ಹೀಗೆ. ನಮ್ಮ ಅಣ್ಣ 1986ರಲ್ಲಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದ. ಅಲ್ಲಿ ಎರಡು ವರ್ಷ ದುಡಿದ ಮೇಲೆ ಅಮಿಗಾ 500 ಎಂಬ ಮನೆಬಳಕೆಯ ಕಂಪ್ಯೂಟರನ್ನು ಕೊಂಡ. ಇದು ಕಮೋಡೋರ್ ಕಂಪೆನಿಯವರು 1987ರಲ್ಲಿ ಹೊರತಂದ ಯಂತ್ರ. ನೋಡುವುದಕ್ಕೆ ದಪ್ಪನೆಯ ಟೈಪ್‌ರೈಟರಿನ ಹಾಗೆ. ಕೀಲಿಮಣೆಯೂ ಯಂತ್ರವೂ ಒಂದೇ ಮೈ. ಟೈಪ್‌ರೈಟರ್ ಎಂದೆನಲ್ಲ, ಅದಕ್ಕೆ ಒಂದು ಕಾರಣವೂ ಉಂಟು. ಆ ಕಂಪೆನಿಯನ್ನು ಕಟ್ಟಿದ ಜ್ಯಾಕ್ ಟ್ರಮೀಲ್ ಎಂಬಾತ ಪೋಲೆಂಡಿನಲ್ಲಿ ಹುಟ್ಟಿ, ಹಿಟ್ಲರನ ಆಶ್ವಿಟ್ಜ್ ಶಿಬಿರದಿಂದ ಜೀವಸಹಿತ ಉಳಿದು ಬಂದು, ಅಮೆರಿಕದಲ್ಲಿ ಟೈಪ್‌ರೈಟರು ರಿಪೇರಿಯ ಅಂಗಡಿಯಿಂದ ಬಾಳು ಮೊದಲುಮಾಡಿದವನು. ಅಮಿಗಾ ಕಮೋಡೋರಿನ ಕೈಗೆ ಬರುವ ಹೊತ್ತಿಗೆ, 1984ರಲ್ಲಿ, ಆತ ಕಂಪೆನಿಯನ್ನೇ ಬಿಟ್ಟು ಹೋಗಿದ್ದ. ಆ ಮಾತು ಹಾಗಿರಲಿ.

1990ರಲ್ಲಿ ಅಣ್ಣ ಆ ಯಂತ್ರಕ್ಕೆ ಒಂದು ಜೊತೆಯನ್ನು ತಂದ. ಅದರ ಹೆಸರು ಎ 590. ಕಂಪ್ಯೂಟರಿನ ಎಡಮಗ್ಗುಲಲ್ಲಿರುವ ಕಿಂಡಿಗೆ ಸಿಕ್ಕಿಸಿಡುವ ಬೇರೆ ಪೆಟ್ಟಿಗೆ. ಅದರೊಳಗೆ 20 ಮೆಗಾಬೈಟಿನ ಹಾರ್ಡ್ ಡಿಸ್ಕು, ಗಾಳಿಗೆ ಒಂದು ಸಣ್ಣ ಫ್ಯಾನು, ಬೇಕೆಂದರೆ ಹೆಚ್ಚಿನ ಮೆಮೊರಿ ಚಿಪ್ಪುಗಳನ್ನು ಕೂರಿಸಲು ಖಾಲಿ ಮನೆಗಳು. ವಿದ್ಯುತ್ತಿಗೆ ಅದರದ್ದೇ ಪ್ರತ್ಯೇಕ ಡಬ್ಬ. ಇಪ್ಪತ್ತು ಮೆಗಾಬೈಟ್ ಎಂದರೆ ಈಗಿನ ಹುಡುಗರು ನಗುತ್ತಾರೆ. ಅವರ ಮೊಬೈಲಿನಲ್ಲಿ ತೆಗೆದ ನಾಲ್ಕೈದು ಫೋಟೋ ಅದರಲ್ಲಿ ಹಿಡಿಸಿದರೆ ಹೆಚ್ಚು. ಆದರೆ ಆ ಯಂತ್ರದ ಫ್ಲಾಪಿ ಒಂದಕ್ಕೆ 880 ಕಿಲೋಬೈಟ್ ಮಾತ್ರ ಹಿಡಿಯುತ್ತಿತ್ತು. ಇಪ್ಪತ್ತಮೂರು ಇಪ್ಪತ್ತನಾಲ್ಕು ಫ್ಲಾಪಿಗಳನ್ನು ತೆಗೆದು ಹಾಕಿ ಮಾಡುವ ಕೆಲಸ ಒಂದು ಪೆಟ್ಟಿಗೆಯಲ್ಲಿ ಮುಗಿಯಿತು ಎಂದರೆ ಅಂದಿನವರಿಗೆ ಅದು ಕಣಜವೇ ಸರಿ.

1991ರ ಚಳಿಗಾಲದಲ್ಲಿ ಅಮ್ಮ ಅಣ್ಣನ ಮನೆಗೆ ಹೋದಳು. ಹೊರಗೆ ಕಾಲಿಡುವಂತಿಲ್ಲ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ಒಗ್ಗರಣೆ ಹಾಕಿದರೆ ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇರೆ. ಹೊತ್ತು ಹೋಗದೆ ಆಕೆ ತನಗೆ ಬರುತ್ತಿದ್ದ ಮದುವೆಯ ಹಾಡುಗಳನ್ನು ಗುನುಗತೊಡಗಿದಳು. ನಮ್ಮಮ್ಮನಿಗೆ ಹಾಡು ಬರುತ್ತಿತ್ತು ಎಂದರೆ ಸಾಲದು. ಊರಿನಲ್ಲಿ ಹಸೆಗೆ ಕರೆಯುವಾಗ ಮೊದಲ ಸೊಲ್ಲು ಎತ್ತುವವಳು ಆಕೆಯೇ. ಅಣ್ಣ ಇದನ್ನು ಕೇಳಿ ಒಂದು ಕ್ಯಾಸೆಟ್ಟಿನಲ್ಲಿ ಹಿಡಿದ. ಆ ಕ್ಯಾಸೆಟ್ಟು ಯಾರೋ ನೆಂಟರ ಮನೆಗೆ ಹೋಗಿ, ಅದರ ಮೇಲೆ ಸಿನಿಮಾ ಹಾಡು ಏರಿ, ಮುಗಿದೇಹೋಯಿತು. ಆದರೆ ಹೊಸ ಆಟಿಕೆಯ ಹುರುಪಿನಲ್ಲಿ ಆತ ಕೆಲವು ಹಾಡುಗಳನ್ನು ಅಮಿಗಾಕ್ಕೂ ಕೇಳಿಸಿದ್ದ. ಪ್ರಿಂಟರ್ ಸಿಕ್ಕಿಸುವ ಕಿಂಡಿಗೆ ಒಂದು ಪುಟ್ಟ ಡಬ್ಬಿ, ಅದಕ್ಕೊಂದು ಮೈಕು. ಹಾಡಿದ್ದು ಅಂಕಿಗಳಾಗಿ ಡಿಸ್ಕಿನ ಮೇಲೆ ಕೂತಿತು.

ರೇಡಿಯೋ ಕೇಳುವ ನಿಮಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದನಿ ಎಂಬುದು ಗಾಳಿಯ ಅಲೆ. ಆ ಅಲೆಯ ಎತ್ತರವನ್ನು ಒಂದು ಸೆಕೆಂಡಿಗೆ ಹತ್ತು ಸಾವಿರ ಸಲ ಅಳೆದು, ಅಳತೆಯನ್ನು 256 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ ಬರೆದಿಟ್ಟರೆ, ಅದೇ ಕ್ರಮದಲ್ಲಿ ಓದಿದಾಗ ದನಿ ಮತ್ತೆ ಎದ್ದು ಬರುತ್ತದೆ. ಒಂದು ಅಳತೆಗೆ ಒಂದು ಬೈಟು. ಲೆಕ್ಕ ಹಾಕಿ ನೋಡಿ: ಇಪ್ಪತ್ತು ಮೆಗಾಬೈಟ್ ಡಿಸ್ಕಿನಲ್ಲಿ ಬೇರೇನೂ ಇಲ್ಲದಿದ್ದರೂ ಅರ್ಧಗಂಟೆಗೆ ಮೂರೇ ನಿಮಿಷ ಹೆಚ್ಚು. ಅಣ್ಣನ ಡಿಸ್ಕಿನಲ್ಲಿ ಆಟಗಳೂ ಪತ್ರಗಳೂ ಮನೆಖರ್ಚಿನ ಲೆಕ್ಕವೂ ತುಂಬಿದ್ದುವು. ಆದುದರಿಂದ ಅಮ್ಮನ ಪಾಲಿಗೆ ಬಂದದ್ದು ತುಂಡು ತುಂಡಾಗಿ ಹದಿನಾಲ್ಕು ಚೂರು. ಒಂದೊಂದೂ ಅರ್ಧ ನಿಮಿಷ, ಮುಕ್ಕಾಲು ನಿಮಿಷ.

1994ರ ಏಪ್ರಿಲಿನಲ್ಲಿ ಕಮೋಡೋರ್ ಕಂಪೆನಿ ದಿವಾಳಿಯೆದ್ದಿತು. 1997ರಲ್ಲಿ ಅಣ್ಣ ಊರಿಗೆ ಮರಳಿದ. ಕಂಪ್ಯೂಟರು ರಟ್ಟಿನ ಪೆಟ್ಟಿಗೆಯಲ್ಲಿ, ಹಳೆಯ ಕಂಬಳಿಯ ನಡುವೆ, ನಮ್ಮ ಮನೆಯ ಅಟ್ಟ ಸೇರಿತು. 2006ರಲ್ಲಿ ಅಮ್ಮ ತೀರಿಕೊಂಡಳು.

ಇಷ್ಟೇ ಆಗಿದ್ದರೆ ಪೆಟ್ಟಿಗೆ ಅಲ್ಲೇ ಇರುತ್ತಿತ್ತೇನೋ. ನಡುವೆ ಒಂದು ಅಕ್ಷರದ ಜಗಳ ಬಂತು. 2012ರಲ್ಲಿ ನಾನು ಒಂದು ಸ್ಮರಣಸಂಚಿಕೆಗೆಂದು ನಮ್ಮ ಕಡೆಯ ಮದುವೆಯ ಹಾಡುಗಳನ್ನು ಸಂಪಾದಿಸಿ ಕೊಟ್ಟೆ. ಅಕ್ಕ ಹೇಳಿದಳು, ನಾನು ಬರೆದುಕೊಂಡೆ. ಒಂದು ಹಾಡಿನಲ್ಲಿ ಆಕೆ ‘ಕೆಲಸಗಿತ್ತಿ’ ಎಂದಳು. ಮದುವೆಯ ಹಾಡಿನಲ್ಲಿ ಹಸೆಯ ಪಕ್ಕದಲ್ಲಿ ಕೆಲಸಗಿತ್ತಿಗೇನು ಕೆಲಸ? ಅಲ್ಲಿ ನಿಲ್ಲತಕ್ಕವಳು ಕಳಸ ಹಿಡಿದ ‘ಕಳಸಗಿತ್ತಿ’. ಬಾಯಿಂದ ಬಾಯಿಗೆ ಬರುತ್ತ ಪಾಠ ಕೆಟ್ಟಿದೆ ಎಂದು ನಿರ್ಣಯಿಸಿ, ಪಂಡಿತನಲ್ಲವೇ ನಾನು, ತಿದ್ದಿ ಅಚ್ಚುಹಾಕಿಸಿದೆ. ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಅಕ್ಕ ಸಂಚಿಕೆಯನ್ನು ಓದಿ, “ಅಮ್ಮ ಹಾಗೆ ಹಾಡ್ತಿರಲಿಲ್ಲ ಕಣೋ” ಎಂದಳು. “ನೀನು ಸರಿಯಾಗಿ ಕೇಳಿಸಿಕೊಂಡಿಲ್ಲ” ಎಂದೆ. ಆ ಮಾತನ್ನು ಆಡಬಾರದಾಗಿತ್ತು. ಅಮ್ಮನ ಕಡೆಯ ಆರು ವರ್ಷ ಆಕೆಯ ಪಕ್ಕದಲ್ಲಿ ಮಲಗಿದವಳು ಅಕ್ಕ. ನಾನು ಹಬ್ಬಕ್ಕೆ ಬಂದು ಹೋಗುತ್ತಿದ್ದವನು. ಅಲ್ಲಿಂದ ಮುಂದೆ ಅಕ್ಕ ನಮ್ಮ ಮನೆಗೆ ಬರುತ್ತಿದ್ದಳು, ಹೋಗುತ್ತಿದ್ದಳು, ಆದರೆ ಹಾಡು ಎನ್ನುವ ಮಾತು ಎತ್ತುತ್ತಿರಲಿಲ್ಲ.

ಅಮ್ಮನ ಆ ಹಾಡು ಹದಿನಾಲ್ಕು ಚೂರುಗಳಲ್ಲಿ ಒಂದಾಗಿರಬೇಕು ಎಂದು ಅಣ್ಣನಿಗೆ ಮಸುಕು ನೆನಪು.

2015ರಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನಾನೇ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಇಂಗ್ಲೆಂಡಿನ ಪ್ಲಗ್ಗಿನ ಕಡ್ಡಿಗಳು ಚಪ್ಪಟೆ, ನಮ್ಮ ಗೋಡೆಯ ತೂತುಗಳು ಗುಂಡು. ಅದಕ್ಕೊಂದು ಅಡಾಪ್ಟರು ತಂದೆ. ಮೊದಲು ವಿದ್ಯುತ್ತಿನ ಡಬ್ಬವನ್ನು ಮಾತ್ರ ಗೋಡೆಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ‘ಟಪ್’ ಎಂದಿತು, ಕೆಟ್ಟ ಮೀನಿನ ಹಾಗೆ ಒಂದು ವಾಸನೆ, ಅದರ ಹಿಂದೆ ಬಿಳಿಯ ಹೊಗೆ. ಕಿಟಕಿ ತೆರೆದು ಬೀಸಣಿಗೆ ಬೀಸಿ, ಎಲ್ಲವನ್ನೂ ಮೊದಲಿನಂತೆಯೇ ಕಟ್ಟಿ ಅಟ್ಟಕ್ಕೆ ಏರಿಸಿಬಿಟ್ಟೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅಣ್ಣ ಈ ಭಾಷಣವನ್ನು ಕೇಳುತ್ತಿದ್ದರೆ ಕ್ಷಮಿಸಲಿ. ಒಂದೇ ಪುಣ್ಯವೆಂದರೆ ಡಬ್ಬದ ಇನ್ನೊಂದು ತುದಿಯನ್ನು ಡಿಸ್ಕಿಗೆ ಇನ್ನೂ ಸಿಕ್ಕಿಸಿರಲಿಲ್ಲ.

ಮುಂದೆ ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದ್ದಕ್ಕೆ, “ಗುಜರಿಗೆ ಹಾಕಿ ಸಾರ್, ಪ್ಲಾಸ್ಟಿಕ್ಕಿಗೆ ಕಾಸು ಬರುತ್ತೆ” ಎಂಬ ಉತ್ತರ ಬಂತು. ಎಂಟು ವರ್ಷ ಸುಮ್ಮನಾದೆ. ಕಡೆಗೆ ನನ್ನ ಕೈಗೆ ಸಿಕ್ಕಿದವನು ಒಬ್ಬ ಹಳೆಯ ಶಿಷ್ಯ. ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಲು ಅವನಿಗೆ ಎಂದೂ ಬರಲಿಲ್ಲ. ಲಘು ಗುರು ಎಂದರೆ ಮುಖ ತಿರುಗಿಸುತ್ತಿದ್ದ. ಈಗ ಹಳೆಯ ಟೀವಿ, ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುತ್ತಾನೆ. ಸೂಜಿಯ ಮೊನೆಯಂಥ ಬೆಸುಗೆಯ ಕಡ್ಡಿಯಿಂದ ಅವನು ಮಾಡುವ ಕೆಲಸ ನೋಡಿದರೆ ಎರಡು ಅಂಕಿ ಕಡಮೆ ಕೊಟ್ಟ ನನ್ನ ಕೈಗೆ ನಾಚಿಕೆಯಾಗುತ್ತದೆ.

ಅವನು ಬಂದು ಮೊದಲು ಮಾಡಿದ್ದು ಏನನ್ನೂ ಮಾಡದೆ ನೋಡಿದ್ದು. “ಮೇಷ್ಟ್ರೇ, ಇದನ್ನ ಯಾರಾದ್ರೂ ಕರೆಂಟಿಗೆ ಹಾಕಿದ್ರಾ?” ಎಂದ. ಅಣ್ಣ ಪಕ್ಕದಲ್ಲೇ ಇದ್ದ. “ಗೊತ್ತಿಲ್ಲಪ್ಪ” ಎಂದೆ. ಶಿಷ್ಯ ಡಬ್ಬವನ್ನು ಬಿಚ್ಚಿ, ಉಬ್ಬಿ ಒಡೆದಿದ್ದ ಕೆಪಾಸಿಟರನ್ನು ಬೆರಳಿನಿಂದ ತೋರಿಸಿ, ನನ್ನ ಮುಖವನ್ನು ನೋಡಿ, ಮತ್ತೇನೂ ಕೇಳಲಿಲ್ಲ. ಗುರುಭಕ್ತಿ ಇನ್ನೂ ಉಳಿದಿದೆ.

ಕೆಪಾಸಿಟರು ಎಂದರೆ ವಿದ್ಯುತ್ತನ್ನು ಹಿಡಿದಿಟ್ಟು ಸಮನಾಗಿ ಬಿಡುವ ಸಣ್ಣ ಡಬ್ಬಿ. ಒಳಗೆ ಒಂದು ಬಗೆಯ ದ್ರವ ಇರುತ್ತದೆ. ಮೂವತ್ತು ವರ್ಷ ಕಳೆದರೆ ಅದು ಒಣಗುತ್ತದೆ, ಇಲ್ಲವೆ ಸೋರುತ್ತದೆ. ನಿಮ್ಮ ಮನೆಯ ಹಳೆಯ ರೇಡಿಯೋದಲ್ಲಿ ‘ಗುಂಯ್’ ಎಂಬ ಶಬ್ದ ಹೆಚ್ಚಿದ್ದರೆ ಅದರ ಮೂಲವೂ ಬಹುಮಟ್ಟಿಗೆ ಇದೇ. ಆದುದರಿಂದ, ಅಟ್ಟದಿಂದ ಇಳಿಸಿದ ಯಾವ ಯಂತ್ರವನ್ನೂ ‘ನಡೆಯುತ್ತದೆಯೋ ನೋಡೋಣ’ ಎಂದು ಒಮ್ಮೆಲೆ ಗೋಡೆಗೆ ಸಿಕ್ಕಿಸಬೇಡಿ. ಅನುಭವದಿಂದ ಹೇಳುತ್ತಿದ್ದೇನೆ. ಡಿಸ್ಕಿಗೆ ಬೇಕಾದದ್ದು 5 ವೋಲ್ಟು ಮತ್ತು 12 ವೋಲ್ಟು. ಶಿಷ್ಯ ಹಳೆಯ ಡಬ್ಬವನ್ನು ಬಿಟ್ಟು, ಅದೇ ಪ್ರಮಾಣದ ಹೊಸ ಪವರ್ ಸಪ್ಲೈ ತಂದು, ಹಳೆಯ ತಂತಿಯನ್ನು ಅದಕ್ಕೆ ಬೆಸೆದು, ಒಂದೊಂದು ತಂತಿಗೂ ಮೀಟರು ಹಿಡಿದು ಅಳೆದು ಕಾಗದದ ಮೇಲೆ ಬರೆದುಕೊಂಡ. ಎರಡು ತಂತಿ ಅದಲುಬದಲಾದರೆ 5 ವೋಲ್ಟು ಕೇಳುವ ಚಿಪ್ಪಿಗೆ 12 ಹೋಗುತ್ತದೆ. ಆಮೇಲೆ ಡಿಸ್ಕಿಗೂ ನಮಗೂ ಋಣ ತೀರಿದಂತೆ.

ಕಂಪ್ಯೂಟರಿನ ಹೊಟ್ಟೆಯ ಕೆಳಗಿನ ಬಾಗಿಲಲ್ಲಿ ಇನ್ನೊಂದು ರೋಗ ಕಾದಿತ್ತು. ಅಲ್ಲಿ ಹೆಚ್ಚಿನ ಮೆಮೊರಿಯ ಹಲಗೆ ಒಂದು, ಅದರ ಮೇಲೆ ಗಡಿಯಾರಕ್ಕೆಂದು ಬೆಸೆದ ಪುಟ್ಟ ಬ್ಯಾಟರಿ. ಈ ಬ್ಯಾಟರಿ ಸೋರಿ ತಾಮ್ರದ ಗೆರೆಗಳ ಮೇಲೆ ಹಸುರು ಕಿಲುಬು ಹಬ್ಬಿತ್ತು. ಸೋರಿದ್ದು ಕ್ಷಾರ, ಕ್ಷಾರಕ್ಕೆ ಮದ್ದು ಹುಳಿ. ವಿನಿಗರ್ ಬೇಕು ಎಂದ. ನಮ್ಮ ಅಡಿಗೆಮನೆಯಲ್ಲಿ ಅದೆಲ್ಲಿಯದು? ನನ್ನಾಕೆ ನಿಂಬೆಹಣ್ಣು ಕೊಟ್ಟಳು. ಬ್ಯಾಟರಿಯನ್ನು ಕಿತ್ತೆಸೆದು, ನಿಂಬೆರಸವನ್ನು ಹತ್ತಿಯಲ್ಲಿ ಒತ್ತಿ ಒರಸಿ, ಆಮೇಲೆ ಶುದ್ಧವಾದ ಸ್ಪಿರಿಟ್ಟಿನಿಂದ ತೊಳೆದು ಒಣಗಿಸಿದ್ದಾಯಿತು. ಹುಣಿಸೆಹಣ್ಣಿನಿಂದ ಹಿತ್ತಾಳೆ ತಿಕ್ಕುವುದನ್ನು ಬಲ್ಲ ನಿಮಗೆ ಇದು ಹೊಸದೇನಲ್ಲ. ಹಳದಿಯಾದ ಪ್ಲಾಸ್ಟಿಕ್ ಮೈಯನ್ನು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿನಲ್ಲಿಟ್ಟು ಬೆಳ್ಳಗೆ ಮಾಡಬಹುದಂತೆ, ಬೇಡವೆಂದೆ. ಮುದುಕನಿಗೆ ಮೀಸೆಗೆ ಬಣ್ಣ ಹಚ್ಚುವ ಕೆಲಸ ನಮಗೇಕೆ?

ಇನ್ನು ಡಿಸ್ಕು. ಇದರ ಮರ್ಮವನ್ನು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಳಗೆ ಕನ್ನಡಿಯಂತೆ ನಯವಾದ ಬಿಲ್ಲೆ. ಅದಕ್ಕೆ ಕಾಂತದ ಲೇಪ. ನಿಮಿಷಕ್ಕೆ ಮೂರು ಸಾವಿರ ಸುತ್ತಿಗೂ ಹೆಚ್ಚು ವೇಗದಲ್ಲಿ ಅದು ತಿರುಗುತ್ತದೆ. ಅದರ ಮೇಲೆ ಓದುವ ತಲೆ. ಆ ತಲೆ ಬಿಲ್ಲೆಯನ್ನು ಮುಟ್ಟುವುದಿಲ್ಲ. ತಿರುಗುವ ಬಿಲ್ಲೆ ಎಳೆದುತರುವ ಗಾಳಿಯ ಪೊರೆಯ ಮೇಲೆ ತೇಲುತ್ತದೆ, ಒಂದು ಮೈಕ್ರಾನಿಗಿಂತ ಕಡಮೆ ಎತ್ತರದಲ್ಲಿ. ನಮ್ಮ ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನಿನ ಸುಮಾರು. ಅಂದಮೇಲೆ ಒಂದು ಕಣ ಧೂಳು ಆ ತಲೆಗೆ ಬೆಟ್ಟ. ಇದಕ್ಕೇ ಹಾರ್ಡ್ ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ತೆರೆಯಬಾರದು ಎನ್ನುವುದು. 1956ರಲ್ಲಿ ಐಬಿಎಂ ಕಂಪೆನಿ ಮೊದಲ ಹಾರ್ಡ್ ಡಿಸ್ಕು ಮಾಡಿದಾಗ ಅದಕ್ಕೆ 24 ಅಂಗುಲದ ಐವತ್ತು ಬಿಲ್ಲೆಗಳು, ಟನ್ನಿನ ಮೇಲೆ ತೂಕ. ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರ. 1983ರ ಹೊತ್ತಿಗೆ ಸ್ಕಾಟ್ಲೆಂಡಿನ ರೊಡೈಮ್ ಎಂಬವರು ಮೂರೂವರೆ ಅಂಗುಲದ ಡಿಸ್ಕು ಮಾಡಿದರು. ಅದರ ವಂಶದ್ದೇ ನಮ್ಮ ಪೆಟ್ಟಿಗೆಯಲ್ಲಿದ್ದುದು.

ವಿದ್ಯುತ್ತು ಕೊಟ್ಟೆವು. ಫ್ಯಾನು ತಿರುಗಿತು, ದೀಪ ಹತ್ತಿತು, ಡಿಸ್ಕು ಮಾತ್ರ ಅಲುಗಲಿಲ್ಲ. ಪರದೆಯ ಮೇಲೆ ಫ್ಲಾಪಿಯನ್ನು ಹಿಡಿದ ಒಂದು ಕೈಯ ಚಿತ್ರ ಬಂದು ನಿಂತಿತು. ಡಿಸ್ಕು ಸಿಕ್ಕದಿದ್ದರೆ ಅಮಿಗಾ ಹಾಗೆ ಭಿಕ್ಷೆ ಕೇಳುತ್ತದೆ. ಅಣ್ಣ ಕುರ್ಚಿಯಿಂದ ಎದ್ದು ಹೊರಗೆ ಹೋದ.

ವರ್ಷಗಟ್ಟಲೆ ನಿಂತ ಡಿಸ್ಕಿನಲ್ಲಿ ತಲೆಯು ಬಿಲ್ಲೆಗೆ ಅಂಟಿಕೊಳ್ಳುತ್ತದೆ. ಎರಡು ಒದ್ದೆ ಗಾಜುಗಳನ್ನು ಒಂದರ ಮೇಲೊಂದಿಟ್ಟರೆ ಬಿಡಿಸಲು ಬಾರದಲ್ಲ, ಹಾಗೆ. ಮೋಟಾರು ಎಳೆಯಲು ನೋಡುತ್ತದೆ, ಶಕ್ತಿ ಸಾಲುವುದಿಲ್ಲ. ಇದಕ್ಕೊಂದು ನಾಟಿ ಚಿಕಿತ್ಸೆ ಉಂಟು: ಡಿಸ್ಕನ್ನು ಅಂಗೈಯಲ್ಲಿ ಸಮವಾಗಿ ಹಿಡಿದು, ಬಿಲ್ಲೆ ತಿರುಗುವ ಸಮತಲದಲ್ಲೇ ಮಣಿಕಟ್ಟನ್ನು ಚಕ್ಕನೆ ತಿರುವುವುದು. ಕುಟ್ಟಬಾರದು, ಅಲ್ಲಾಡಿಸಬಾರದು, ತಿರುವಬೇಕು. ತಲೆ ಬಿಡಬಹುದು, ಕಿತ್ತೂ ಬರಬಹುದು. ಕಿತ್ತು ಬಂದರೆ ಅಲ್ಲಿಗೆ ಎಲ್ಲವೂ ಮುಗಿಯಿತು. ಶಿಷ್ಯ ಇದನ್ನೆಲ್ಲ ಹೇಳಿ, “ನೀವು ಹೂಂ ಅಂದ್ರೆ ಮಾಡ್ತೀನಿ ಮೇಷ್ಟ್ರೇ” ಎಂದು ನಿಂತ. ಹೂಂ ಎನ್ನುವ ಅಧಿಕಾರ ನನ್ನದಲ್ಲ. ಅಣ್ಣನನ್ನು ಕರೆದೆ. ಆತ, “ಅಕ್ಕನ್ನ ಕೇಳು” ಎಂದ. ಫೋನಿನಲ್ಲಿ ಅಕ್ಕ ಎಲ್ಲವನ್ನೂ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. “ಸುಮ್ಮನೆ ಇಟ್ಟರೆ ಇರುತ್ತೇನು?” ಎಂದಳು. ಇರುವುದಿಲ್ಲ ಎಂದೆ. “ಹಾಗಾದರೆ ಮಾಡಿಸು.”

ಮೂರನೆಯ ಸಲ ತಿರುವಿದಾಗ ‘ಉಂ’ ಎಂಬ ಒಂದು ಸಣ್ಣ ದನಿ ಎದ್ದು, ಏರುತ್ತ ಏರುತ್ತ ಬಂದು, ಒಂದು ಶ್ರುತಿಯಲ್ಲಿ ನಿಂತಿತು. ಆಮೇಲೆ ಟಿಕ್, ಟಿಕ್, ಟಿಕ್ ಎಂದು ತಲೆ ಹೆಜ್ಜೆ ಹಾಕುವ ಶಬ್ದ. ಇಪ್ಪತ್ತಾರು ವರ್ಷಗಳ ಮೇಲೆ ಪರದೆಯಲ್ಲಿ ನೀಲಿಯ ಬಣ್ಣ ಬಂತು. ಅಣ್ಣ ಶಿಷ್ಯನನ್ನು ಪಕ್ಕಕ್ಕೆ ಸರಿಸಿ ತಾನೇ ಕುಳಿತ. ಮನೆಯ ಮಕ್ಕಳ ಹೆಸರು ಮರೆಯುವ ಆತನ ಬೆರಳುಗಳಿಗೆ ಆ ಕೀಲಿಮಣೆ ಮರೆತಿರಲಿಲ್ಲ.

ನಮ್ಮ ಪಂಡಿತರ ಕಸಬಿನಲ್ಲಿ ಒಂದು ನಿಯಮ ಉಂಟು. ಹುಳು ತಿಂದ ಓಲೆಗರಿಯ ಕಟ್ಟು ಸಿಕ್ಕಿದರೆ ಮೊದಲು ಅರ್ಥ ಹುಡುಕುತ್ತ ಕೂರಬಾರದು, ಪ್ರತಿ ಮಾಡಿಕೊಳ್ಳಬೇಕು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಆ ಕಾವ್ಯ ಉಳಿದಿದೆ. ಪೊನ್ನನದೇ ಭುವನೈಕರಾಮಾಭ್ಯುದಯ ಇಡಿಯಾಗಿ ನಮ್ಮ ಕೈ ಸೇರಲಿಲ್ಲ. ಇಂಗ್ಲೆಂಡಿನವರದೂ ಇಂಥದೇ ಒಂದು ಪ್ರಸಂಗ. 1086ರ ಡೂಮ್ಸ್‌ಡೇ ಪುಸ್ತಕಕ್ಕೆ ಒಂಬೈನೂರು ವರ್ಷ ತುಂಬಿತೆಂದು ಬಿಬಿಸಿಯವರು 1986ರಲ್ಲಿ ನಾಡಿನ ವಿವರಗಳನ್ನೆಲ್ಲ ಲೇಸರ್ ಬಿಲ್ಲೆಗಳ ಮೇಲೆ ಹೊಸದಾಗಿ ಬರೆಯಿಸಿದರು. ಓದುವುದಕ್ಕೆ ಬಿಬಿಸಿ ಮಾಸ್ಟರ್ ಕಂಪ್ಯೂಟರೂ ಅದಕ್ಕೆಂದೇ ಮಾಡಿದ ಫಿಲಿಪ್ಸ್ ಯಂತ್ರವೂ ಬೇಕು. ಹದಿನಾರು ವರ್ಷ ಕಳೆಯುವುದರೊಳಗೆ ಅವು ಅಪರೂಪವಾಗಿ, 2002ರಲ್ಲಿ ವಿಶ್ವವಿದ್ಯಾಲಯಗಳವರು ಸೇರಿ ಅದನ್ನು ಬದುಕಿಸುವ ದಾರಿ ಹುಡುಕಬೇಕಾಯಿತು. ತೊಗಲಿನ ಮೇಲೆ ಬರೆದ ಹಳೆಯ ಪುಸ್ತಕವನ್ನು ಲ್ಯಾಟಿನ್ ಬಲ್ಲವರು ಈಗಲೂ ಸುಮ್ಮನೆ ಬಿಡಿಸಿ ಓದುತ್ತಾರೆ! ಅಮಿಗಾದ ವಿಷಯದಲ್ಲೂ ಹೀಗೊಂದು ನಡೆದಿದೆ. 1985ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಅಮಿಗಾವನ್ನು ಜನರಿಗೆ ತೋರಿಸಿದಾಗ ಆಂಡಿ ವಾರ್ಹಾಲ್ ಎಂಬ ಪ್ರಸಿದ್ಧ ಚಿತ್ರಕಾರ ಅದರ ಮೇಲೆ ಚಿತ್ರ ಬಿಡಿಸಿದ್ದ. ಅವನ ಫ್ಲಾಪಿಗಳಲ್ಲಿದ್ದ ಚಿತ್ರಗಳನ್ನು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಹೊರಗೆ ತೆಗೆದ ಸುದ್ದಿ ಬಂದದ್ದು 2014ರಲ್ಲಿ.

ನಾವೂ ಪ್ರತಿ ಮಾಡಲು ಕುಳಿತೆವು. ಮೊದಲು ‘ಲಾಕ್’ ಎಂಬ ಅಪ್ಪಣೆ ಕೊಟ್ಟು, ಹಳೆಯ ಡಿಸ್ಕಿನ ಮೇಲೆ ಯಾರೂ ಏನನ್ನೂ ಬರೆಯದ ಹಾಗೆ ಬಂದೋಬಸ್ತು. ಎ 590ರ ಹಿಂಬದಿಯಲ್ಲಿ 25 ಪಿನ್ನಿನ ಒಂದು ಕಿಂಡಿ ಇದೆ. ಸ್ಕಸಿ ಎಂದು ಅದರ ಹೆಸರು. ಅಲ್ಲಿಗೆ ಇನ್ನೊಂದು ಡಿಸ್ಕನ್ನು ಸೇರಿಸಬಹುದು. ಈಗಿನ ಕಾಲದ ಹವ್ಯಾಸಿಗಳು ಬ್ಲೂ ಸ್ಕಸಿ ಎಂಬ ಅಂಗೈಯಗಲದ ಹಲಗೆಯನ್ನು ಮಾಡಿದ್ದಾರೆ. ಕ್ಯಾಮೆರಾಕ್ಕೆ ಹಾಕುವ ಚೂರು ಕಾರ್ಡನ್ನು ಅದರೊಳಗಿಟ್ಟರೆ, ಹಳೆಯ ಕಂಪ್ಯೂಟರು ಅದನ್ನೇ ಹಾರ್ಡ್ ಡಿಸ್ಕೆಂದು ನಂಬುತ್ತದೆ. ಅದಕ್ಕೆ ಮೊಬೈಲಿನ ಚಾರ್ಜರಿನಿಂದ ವಿದ್ಯುತ್ತು. ಹೀಗೆ 1990ರ ಪೆಟ್ಟಿಗೆಯೂ ನಿನ್ನೆಯ ಕಾರ್ಡೂ ಒಂದೇ ಪಂಕ್ತಿಯಲ್ಲಿ ಕುಳಿತುವು. ಕಾರ್ಡನ್ನು ಆಮೇಲೆ ಲ್ಯಾಪ್‌ಟಾಪಿಗೆ ಹಾಕಿ, ಅಮಿಗಾದಂತೆ ನಟಿಸುವ ಒಂದು ಪ್ರೋಗ್ರಾಮಿನಲ್ಲಿ ತೆರೆದು ನೋಡಬಹುದು.

ಒಟ್ಟಿಗೇ ಎಲ್ಲವನ್ನೂ ಎಳೆಯುವುದು ಬೇಡ, ಯಾವ ಗಳಿಗೆಯಲ್ಲಿ ನಿಲ್ಲುತ್ತದೋ ತಿಳಿಯದು, ಬೇಕಾದದ್ದನ್ನು ಮೊದಲು ಎಂದು ಶಿಷ್ಯ. ಅಮ್ಮನ ಹದಿನಾಲ್ಕು ಫೈಲುಗಳನ್ನು ಒಂದೊಂದಾಗಿ ತೆಗೆಯತೊಡಗಿದೆವು. ಹನ್ನೊಂದು ಸರಾಗವಾಗಿ ಬಂದುವು. ಹನ್ನೆರಡನೆಯದರ ನಡುವೆ ಟಿಕ್ ಟಿಕ್ ನಿಂತು ‘ಕರ್ರ್, ಕರ್ರ್’ ಎಂಬ ಶಬ್ದ; ಓದುವುದರಲ್ಲಿ ದೋಷ, ಮತ್ತೆ ನೋಡಲೇ, ಬಿಡಲೇ ಎಂದು ಪರದೆಯ ಮೇಲೆ ಪ್ರಶ್ನೆ. ಮತ್ತೆ, ಮತ್ತೆ, ಮತ್ತೆ. ಮೂವತ್ತು ಸಲವಾದರೂ ಆಗಿರಬೇಕು. ಮೂರೂ ಹೀಗೆಯೇ ಕೈಕೊಟ್ಟುವು. ಮಾರನೆಯ ದಿನ ಯಂತ್ರವನ್ನು ಎರಡು ಗಂಟೆ ಸುಮ್ಮನೆ ಓಡಬಿಟ್ಟು, ಮೈ ಬೆಚ್ಚಗಾದ ಮೇಲೆ ಕೇಳಿದಾಗ ಎರಡು ಬಂದುವು. ಆ ಕಾಲದ ಅಗ್ಗದ ಡಿಸ್ಕುಗಳಲ್ಲಿ ತಲೆಯನ್ನು ಮೆಟ್ಟಿಲು ಲೆಕ್ಕದಲ್ಲಿ ನಡೆಸುವ ಮೋಟಾರು. ಗೆರೆಯ ನಡುವೆ ಇದ್ದೇನೆಯೇ ಎಂದು ಅದು ನೋಡಿಕೊಳ್ಳುವುದಿಲ್ಲ. ಲೋಹ ಕಾದು ಕೂದಲೆಳೆಯಷ್ಟು ಹಿಗ್ಗಿದರೆ ತಲೆ ನಿಲ್ಲುವ ಜಾಗವೇ ಬೇರೆ. ಬಿಸಿಯಾದ ಯಂತ್ರದಲ್ಲಿ ಬರೆದದ್ದನ್ನು ಬಿಸಿಯಲ್ಲೇ ಓದಬೇಕು. ಇಂಗ್ಲೆಂಡಿನ ಚಳಿಯಲ್ಲಿ ಹೀಟರಿನ ಪಕ್ಕ ಕುಳಿತು ಬರೆದದ್ದು ಎಂದು ಅಣ್ಣ ನೆನೆಸಿಕೊಂಡ.

ಹದಿನಾಲ್ಕನೆಯದು ಬರಲಿಲ್ಲ. ಎಷ್ಟು ಸಲ ಕೇಳಿದರೂ ಬರಲಿಲ್ಲ. ‘ಇಲ್ಲಿ ಗ್ರಂಥಪಾತ’ ಎಂದು ನಾವು ಮುದ್ರಿಸುತ್ತೇವಲ್ಲ, ಅಷ್ಟೇ. ಫೈಲಿಗೆ ಅಣ್ಣ ಇಟ್ಟಿದ್ದ ಹೆಸರು ಮಾತ್ರ ಉಳಿದಿದೆ: ‘ಲಾಲಿ’.

ದನಿ ಹೇಗಿದೆ ಎಂದರೆ, ನಡುರಾತ್ರಿ ದೂರದ ಸ್ಟೇಷನ್ನನ್ನು ಹಿಡಿದ ಹಾಗೆ ಇದೆ. ಹಿಂದೆ ಮರಳು ಸುರಿಯುವ ಸದ್ದು. ಸೆಕೆಂಡಿಗೆ ಹತ್ತು ಸಾವಿರ ಸಲ ಅಳೆದರೆ ಐದು ಸಾವಿರ ಕಂಪನದ ಆಚೆಯ ನಾದ ಸಿಕ್ಕುವುದಿಲ್ಲ. ಸಕಾರದ ಸೀಟಿಯೆಲ್ಲ ಆಚೆ ಉಳಿದು, ಅಮ್ಮ ಸ್ವಲ್ಪ ತೊದಲಿದಂತೆ ಕೇಳುತ್ತದೆ. ಆದರೆ ಸ್ವರಗಳು ಈಚೆಯವು, ಅವು ಸ್ಪಷ್ಟವಾಗಿವೆ. ಆರನೆಯ ಚೂರಿನಲ್ಲಿ ಆ ಹಾಡು. ‘ಕೆ’ಕಾರದಲ್ಲಿ ಯಾವ ಸಂದೇಹವೂ ಇಲ್ಲ. ಅದರ ಮುಂದಿನದು ಲಕಾರವೇ, ಳಕಾರವಲ್ಲ. ಕೆಲಸಗಿತ್ತಿ. ಎರಡು ಸಲ ಹಾಡಿದ್ದಾಳೆ, ಎರಡು ಸಲವೂ ಹಾಗೆಯೇ. ಹಾಡಿನ ಮುಂದಿನ ಭಾಗವನ್ನು ಕೇಳಿದರೆ ಅರ್ಥವೂ ಹೊಂದುತ್ತದೆ: ವರ್ಷವೆಲ್ಲ ಮನೆಯ ಕಸ ಮುಸುರೆ ನೋಡಿಕೊಂಡವಳನ್ನು ಮರೆಯದೆ ಹಸೆಯ ಬಳಿಗೆ ಕರೆಯಿರಿ ಎನ್ನುವ ಹಾಡು ಅದು. ನಾನು ಕಳಸವನ್ನು ತಂದಿಟ್ಟು ಆಕೆಯನ್ನು ಅಲ್ಲಿಂದ ಎಬ್ಬಿಸಿಬಿಟ್ಟಿದ್ದೆ. ಕಠಿನವಾದ ಪಾಠವನ್ನು ಸುಲಭವಾದದ್ದಕ್ಕೆ ಬದಲಿಸಬಾರದೆಂದು ವಿದ್ಯಾರ್ಥಿಗಳಿಗೆ ಹೇಳುವವನು ನಾನೇ.

ಹದಿಮೂರನೆಯ ಚೂರು ಹಾಡಲ್ಲ. ಅಮ್ಮ ಯಾವುದೋ ಹಾಡು ಮುಗಿಸಿದ್ದಾಳೆ. ಅಣ್ಣ ಯಂತ್ರವನ್ನು ನಿಲ್ಲಿಸಲು ಮರೆತಿದ್ದಾನೆ. “ಸಾಕೇನೋ? ನಿಂತಿತೇನೋ ಅದು? ಅಕ್ಕಿ ತೊಳೆದಿಡಬೇಕು” ಎನ್ನುತ್ತಾಳೆ. ಏನೋ ಬಳೆಯ ಸದ್ದು. ಹನ್ನೊಂದು ಸೆಕೆಂಡು.

ಶಿಷ್ಯ ಕೂಲಿ ತೆಗೆದುಕೊಳ್ಳಲಿಲ್ಲ. ಊಟಕ್ಕೆ ನಿಂತ, ಅಷ್ಟೆ. ಈಗ ಆ ಹದಿಮೂರೂ ಅಣ್ಣನ ಮನೆಯಲ್ಲಿ, ನಮ್ಮ ಮನೆಯಲ್ಲಿ, ಅಕ್ಕನ ಮಗಳ ಹತ್ತಿರ ಬೇರೆ ಬೇರೆಯಾಗಿ ಇವೆ. ಹಳೆಯ ಡಿಸ್ಕು ಮತ್ತೊಂದು ವಾರ ನಡೆದು, ಒಂದು ಬೆಳಗ್ಗೆ ತಿರುಗಲೊಲ್ಲದಾಯಿತು. ಈ ಸಲ ಯಾರೂ ತಿರುವಲು ಹೋಗಲಿಲ್ಲ.

ಅಕ್ಕ ಗೌರಿಹಬ್ಬಕ್ಕೆ ಬಂದಳು. ಹಜಾರದಲ್ಲಿ ಕೂರಿಸಿ ಹದಿಮೂರನ್ನೂ ಹಾಕಿದೆ. ಆರನೆಯದು ಬಂದಾಗ ನಾನು ನೆಲ ನೋಡುತ್ತಿದ್ದೆ. ಆಕೆ ಏನೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಕಡೆಯದನ್ನು ಇನ್ನೊಂದು ಸಲ ಹಾಕು ಎಂದಳು. ಆಮೇಲೆ ಇನ್ನೊಂದು ಸಲ. ನಾನೇ ಗಂಟಲು ಸರಿಮಾಡಿಕೊಂಡು, “ಅಕ್ಕಾ, ಆ ಹಾಡಿನಲ್ಲಿ ನಾನು ತಿದ್ದಿದ್ದು ತಪ್ಪು. ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿಸ್ತೇನೆ” ಎಂದೆ.

“ಹಾಕಿಸುವೆಯಂತೆ” ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಮೊದಲು ಎಲೆ ಹಾಕು, ಹೊತ್ತಾಯಿತು.”